ಶಾರ್ಕ್ ಆಡಲು ಬಂತಾ, ಹೊಟ್ಟೆಪಾಡಿಗೆ ಬಂತಾ?

ಪ್ರಶ್ನೆ: ಮೇಡಂ, ಈ ವರ್ಷ ಗೆಳೆಯರ ಜತೆ ಮಾಲ್ಡೀವ್ಸ್‌ಗೆ ಹೋಗಿದ್ದೆ. ವಾವು ಅಟಾಲ್ ಎಂಬ ಹವಳ ದ್ವೀಪಗಳ ಗುಂಪಿನ ಅಲಿಮತಾ ಎಂಬಲ್ಲಿ ರಾತ್ರಿ ಡೈವ್ ಮಾಡಿದೆವು. ಮರಳಿನ ಮೇಲೆ ಮಂಡಿಯೂರಿ ಕುಳಿತಿದ್ದೆವು. ನನಗಿಂತ ಉದ್ದದ ನರ್ಸ್ ಶಾರ್ಕ್ ಒಂದು ಮೂರು ಸಲ ನನ್ನ ತೊಡೆಯ ಮೇಲೆ ಸವರಿಕೊಂಡು ಹೋಯಿತು. ಒಮ್ಮೆ ಕಂಕುಳಿಗೇ ಮೂತಿ ತೂರಿಸಿತು. ನಾನು ಬಿಟ್ಟ ಗಾಳಿಗುಳ್ಳೆಗಳ ನಡುವೆ ಸುತ್ತು ಹಾಕಿತು. ಮೇಲೆ ಬಂದಾಗ ಗೈಡ್ ‘ನಿನ್ನ ಜತೆ ಆಟ ಆಡಿತು’ ಅಂದ. ಊರಲ್ಲಿ ಹೇಳಿದರೆ ಎಲ್ಲರೂ ನಗುತ್ತಾರೆ. ಅದು ನಿಜಕ್ಕೂ ಆಟವಾ?
– ಬೆಂಗಳೂರಿನ ಓದುಗರು

ಉತ್ತರ: ನಿಮ್ಮ ಖುಷಿಗೆ ತಣ್ಣೀರು ಎರಚಲು ನನಗೂ ಮನಸ್ಸಿಲ್ಲ. ಆದರೂ ಮೊದಲು ಒಂದು ಮಾತು ಕೇಳಲೇಬೇಕು. ಅಲ್ಲಿ ಮೀನಿನ ವಾಸನೆ ಇತ್ತಾ?

ಅಲಿಮತಾದಲ್ಲಿ ಶಾರ್ಕ್‌ಗಳು ಸುಮ್ನೆ ಗುಂಪು ಸೇರುವುದಿಲ್ಲ. ಜೆಟ್ಟಿಯ ಬಳಿ ನೀರಿಗೆ ಬೀಳುತ್ತಿದ್ದ ಮೀನಿನ ಚೂರುಪಾರು ಅವನ್ನು ಅಲ್ಲಿಗೆ ಎಳೆದು ತಂದಿತು. ಅವು ಕಲಿತುಬಿಟ್ಟವು. ಕತ್ತಲಾಯಿತು, ದೋಣಿಯ ಸದ್ದು ಕೇಳಿತು, ಟಾರ್ಚ್ ಬೆಳಕು ಬಿತ್ತು ಅಂದರೆ ಊಟದ ಹೊತ್ತು. ನಿಮ್ಮ ಬೀದಿಯ ಟೀ ಅಂಗಡಿ ಮುಂದೆ ಒಂದು ನಾಯಿ ಇರುತ್ತದೆ, ಅಲ್ವಾ? ಯಾರು ಬಂದರೂ ಬಾಲ ಅಲ್ಲಾಡಿಸಿ ಕಾಲಿಗೆ ಒರಗುತ್ತದೆ. ಕೈಯಲ್ಲಿ ಬಿಸ್ಕತ್ತು ಇಲ್ಲದಿದ್ದರೂ ಒರಗುತ್ತದೆ. ನಿನ್ನೆ ಯಾರೋ ಕೊಟ್ಟಿದ್ದರು, ನಾಳೆ ಯಾರೋ ಕೊಡುತ್ತಾರೆ. ನಿಮ್ಮ ನರ್ಸ್ ಶಾರ್ಕ್ ಲೆಕ್ಕವೂ ಇಷ್ಟೇ ಇರಬಹುದು.

ಇನ್ನು ಕಂಕುಳಿನ ವಿಷಯ. ಈ ಜಾತಿಯ ಶಾರ್ಕ್ ರಾತ್ರಿ ಹೊತ್ತು ಹವಳದ ಸಂದುಗೊಂದುಗಳಲ್ಲಿ ಮೂತಿ ತೂರಿಸಿ ಆಕ್ಟೋಪಸ್, ಏಡಿ ಹುಡುಕುತ್ತದೆ. ಸಿಕ್ಕಿದ್ದನ್ನು ಕಚ್ಚಿ ಎಳೆಯುವುದಿಲ್ಲ, ಸೊರ್ ಎಂದು ಹೀರಿಕೊಳ್ಳುತ್ತದೆ. (ಬಲೆಗೋ ಗಾಳಕ್ಕೋ ಸಿಕ್ಕರೆ ಹಿಡಿದವರ ಮುಖಕ್ಕೆ ನೀರು ಉಗುಳುವುದಕ್ಕೂ ಹೆಸರುವಾಸಿ. ಅದು ಮಾತ್ರ ಖಂಡಿತ ಆಟವಲ್ಲ.) ಕತ್ತಲಲ್ಲಿ ಅದಕ್ಕೆ ನಿಮ್ಮ ಕಂಕುಳೂ ಒಂದು ಸಂದು.

ಇನ್ನೊಂದು ಸಂಗತಿಯೂ ಇದೆ. ಶಾರ್ಕ್ ಮೂತಿಯ ತುಂಬ ಸಣ್ಣ ಸಣ್ಣ ತೂತುಗಳಿವೆ. ಒಳಗೆ ಲೋಳೆ ತುಂಬಿರುತ್ತದೆ. 1678ರಲ್ಲಿ ಇಟಲಿಯ ವೈದ್ಯ ಸ್ಟೆಫಾನೊ ಲೊರೆಂಜಿನಿ ಇವನ್ನು ವಿವರಿಸಿ ಬರೆದ. ಅವು ಯಾಕೆ ಎಂಬುದು ಸರಿಯಾಗಿ ತಿಳಿಯಲು ಸುಮಾರು 300 ವರ್ಷ ಬೇಕಾಯಿತು. 1971ರಲ್ಲಿ ಏಡ್ರಿಯಾನಸ್ ಕಾಲ್ಮೈನ್ ಎಂಬ ವಿಜ್ಞಾನಿ ಪ್ರಯೋಗ ಮಾಡಿ ತೋರಿಸಿದ್ದು ಇದು: ಮರಳಿನಡಿ ಹೂತು ಕುಳಿತ ಮೀನಿನ ಮೈಯಿಂದ ಹೊಮ್ಮುವ ವಿದ್ಯುತ್ತನ್ನು ಶಾರ್ಕ್ ಈ ತೂತುಗಳಿಂದ ಹಿಡಿದುಬಿಡುತ್ತದೆ. ಒಂದು ಸೆಂಟಿಮೀಟರ್ ದೂರದಲ್ಲಿ ವೋಲ್ಟಿನ 20 ಕೋಟಿಯಲ್ಲಿ ಒಂದು ಪಾಲು ವ್ಯತ್ಯಾಸ ಇದ್ದರೂ ಅದಕ್ಕೆ ಗೊತ್ತಾಗುತ್ತದೆ. ನಿಮ್ಮ ಮೈಯಲ್ಲೂ ವಿದ್ಯುತ್ತು ಇದೆ. ಉಪ್ಪುನೀರಿನಲ್ಲಿ ನಿಮ್ಮ ಗಾಳಿಯ ಟ್ಯಾಂಕು, ಕೊಕ್ಕೆ, ಉಸಿರಾಡಲು ಬಳಸುವ ರೆಗ್ಯುಲೇಟರ್‌ನ ಲೋಹದಿಂದಲೂ ಒಂದಿಷ್ಟು ಹೊಮ್ಮುತ್ತದೆ. ಹಾಗಾಗಿ ಹತ್ತಿರದಿಂದ ನಿಮ್ಮನ್ನು ಪರೀಕ್ಷೆ ಮಾಡಲು ಅದಕ್ಕೆ ಬೇಕಾದಷ್ಟು ಕಾರಣ ಇತ್ತು.

ಹಾಗಾದರೆ ಆಟ ಅಂತ ಯಾವುದನ್ನು ಕರೆಯುವುದು? ಇದಕ್ಕೆ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಗಾರ್ಡನ್ ಬರ್ಗ್‌ಹಾರ್ಟ್ 2005ರಲ್ಲಿ ಐದು ಅಳತೆಗೋಲು ಕೊಟ್ಟರು. ಪ್ರಾಣಿ ಮಾಡುವ ಕೆಲಸದಿಂದ ಆ ಹೊತ್ತಿಗೆ ಅದಕ್ಕೆ ಊಟವೋ ಸಂಗಾತಿಯೋ ರಕ್ಷಣೆಯೋ ಸಿಗುತ್ತಿರಬಾರದು. ಯಾರೂ ಒತ್ತಾಯ ಮಾಡದೆ ತಾನಾಗಿ, ಮಾಡುವ ಸುಖಕ್ಕೇ ಮಾಡಬೇಕು. ನಿಜವಾದ ಬೇಟೆ, ನಿಜವಾದ ಜಗಳಕ್ಕಿಂತ ಸ್ವಲ್ಪ ಬೇರೆ ಥರ ಇರಬೇಕು. ಮತ್ತೆ ಮತ್ತೆ ಮಾಡಬೇಕು, ಆದರೆ ಪಂಜರದ ಕರಡಿ ತಲೆ ತೂಗುವ ಹಾಗೆ ಯಂತ್ರದಂತೆ ಅಲ್ಲ. ಕೊನೆಯದಾಗಿ, ಪ್ರಾಣಿಯ ಹೊಟ್ಟೆ ತುಂಬಿರಬೇಕು, ಆರೋಗ್ಯ ಸರಿ ಇರಬೇಕು, ಹೆದರಿಕೆ ಇರಬಾರದು. ಐದೂ ಕೂಡಿ ಬಂದರೆ ಮಾತ್ರ ಆಟ.

ನಿಮ್ಮ ಅಲಿಮತಾ ರಾತ್ರಿ ಮೊದಲನೆಯದರಲ್ಲೇ ಎಡವುತ್ತದೆ. ಊಟದ ಆಸೆ ಇದ್ದ ಜಾಗ ಅದು. ಅದೇ ಶಾರ್ಕ್ ಯಾರೂ ಏನೂ ಹಾಕದ ಜಾಗದಲ್ಲಿ, ಹೊಟ್ಟೆ ತುಂಬಿರುವಾಗ, ಖಾಲಿ ಮರಳು ಬೇಕಾದಷ್ಟು ಇದ್ದರೂ ನಿಮ್ಮ ತೊಡೆಯನ್ನೇ ಹುಡುಕಿಕೊಂಡು ಬಂದಿದ್ದರೆ ನಾನೂ ನಿಮ್ಮ ಗೈಡ್ ಪಕ್ಷ ಸೇರುತ್ತಿದ್ದೆ.

ಇಷ್ಟು ಹೇಳಿದ ಮೇಲೆ ನಾನು ಆಟದ ವಿರೋಧಿ ಅಂದುಕೊಳ್ಳಬೇಡಿ. ಮೀನು ಆಡುವುದಿಲ್ಲ ಎಂಬ ಹಳೆಯ ನಂಬಿಕೆ ಮುರಿದುಬಿದ್ದಿದೆ. 2015ರಲ್ಲಿ ಬರ್ಗ್‌ಹಾರ್ಟ್ ಮತ್ತು ಸಂಗಡಿಗರು ಟ್ಯಾಂಗನೀಕಾ ಸರೋವರದ ಮೂಲದ ಮೂರು ಗಂಡು ಸಿಕ್ಲಿಡ್ ಮೀನುಗಳ ಬಗ್ಗೆ ಬರೆದರು. ತೊಟ್ಟಿಯಲ್ಲಿ ಬುಡ ಭಾರದ ಒಂದು ಥರ್ಮಾಮೀಟರ್ ನಿಂತಿತ್ತು. ಮೀನು ಅದಕ್ಕೆ ಗುದ್ದುತ್ತದೆ, ಅದು ವಾಲಿ ಮತ್ತೆ ಎದ್ದು ನಿಲ್ಲುತ್ತದೆ, ಮೀನು ಮತ್ತೆ ಗುದ್ದುತ್ತದೆ. ನಮ್ಮ ತಲೆದೂಗುವ ತಂಜಾವೂರು ಬೊಂಬೆಯ ಜತೆ ಮಗು ಆಡುವ ಹಾಗೆಯೇ. ಆಹಾರ ಇಟ್ಟರೂ ಅಷ್ಟೇ, ಇಡದಿದ್ದರೂ ಅಷ್ಟೇ. ಮೂರೂ ಮೀನು ಗುದ್ದುವ ರೀತಿ ಬೇರೆ ಬೇರೆ. ಇದನ್ನು ಆಟ ಅನ್ನದೆ ಬೇರೇನು ಅನ್ನುವುದು?

ಶಾರ್ಕ್‌ಗಳಲ್ಲಿ ನನಗೆ ಜಾಸ್ತಿ ನಂಬಿಕೆ ಬರುವುದು ಪೋರ್ಬೀಗಲ್ ಎಂಬ ಜಾತಿಯ ಮೇಲೆ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡಲಲ್ಲಿ ಇವು ಉದ್ದನೆಯ ಕೆಲ್ಪ್ ಪಾಚಿಯಲ್ಲಿ ಹೊರಳಾಡಿ ಮೈಗೆ ಸುತ್ತಿಕೊಳ್ಳುವುದನ್ನು ಕಂಡವರಿದ್ದಾರೆ. ಒಂದು ಶಾರ್ಕ್ ಪಾಚಿಯ ಎಳೆಯನ್ನು ಎಳೆದುಕೊಂಡು ಹೋದರೆ ಇನ್ನೊಂದು ಅಟ್ಟಿಸಿಕೊಂಡು ಹೋಗುತ್ತದೆ. ತೇಲುವ ಕಟ್ಟಿಗೆ ಸಿಕ್ಕರೂ ಮೂತಿಯಿಂದ ತಳ್ಳಿ ನೋಡುತ್ತವೆ. ಪಾಚಿಯಿಂದ ಹೊಟ್ಟೆ ತುಂಬುವುದಿಲ್ಲ. ಮೈ ಕೆರೆದುಕೊಳ್ಳಲು ಇರಬಹುದು ಎಂದು ವಾದ ಮಾಡಬಹುದು, ಆದರೆ ಅಟ್ಟಾಟ ಯಾಕೆ?

ದಕ್ಷಿಣ ಆಫ್ರಿಕಾದ ಬಿಳಿ ಶಾರ್ಕ್‌ಗಳ ಕತೆ ಇಷ್ಟು ಮುದ್ದಾಗಿಲ್ಲ. ಅಲ್ಲಿ ಕೆಲವು ಶಾರ್ಕ್‌ಗಳು ಕಡಲಹಕ್ಕಿಗಳನ್ನು, ಪೆಂಗ್ವಿನ್‌ಗಳನ್ನು ಕಚ್ಚಿ ಹಾಗೇ ಬಿಟ್ಟುಬಿಡುತ್ತವೆ, ತಿನ್ನುವುದಿಲ್ಲ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಬೇಟೆಯ ಅಭ್ಯಾಸವೋ, ರುಚಿ ನೋಡಿ ಬಿಟ್ಟದ್ದೋ, ಆಟವೋ ಎಂಬ ಚರ್ಚೆ ಮುಗಿದಿಲ್ಲ.

ಇಲ್ಲಿ ನನಗೆ ಒಂದು ಸಂಗತಿ ಬಹಳ ಇಷ್ಟ. ಪೋರ್ಬೀಗಲ್, ಬಿಳಿ ಶಾರ್ಕ್ ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಸುತ್ತಲಿನ ನೀರಿಗಿಂತ ಮೈ ಬೆಚ್ಚಗೆ ಇಟ್ಟುಕೊಳ್ಳುವ ಅಪರೂಪದ ಶಾರ್ಕ್‌ಗಳು. ಬರ್ಗ್‌ಹಾರ್ಟ್ ಹೇಳುವ ಪ್ರಕಾರ ಆಟ ಹುಟ್ಟುವುದು ಮಿಕ್ಕ ಶಕ್ತಿಯಿಂದ. ಹೊಟ್ಟೆತುಂಬ ಹಾಲು ಕುಡಿದ ಕರು ಅಂಗಳದಲ್ಲಿ ಬಾಲ ಎತ್ತಿ ಓಡುವುದನ್ನು ನೀವು ನೋಡಿರಬೇಕು. ಬಡಕಲು ಕರು ಓಡುವುದಿಲ್ಲ. ಶಾರ್ಕ್ ಮರಿಗೆ ತಾಯಿಯ ಆರೈಕೆ ಇಲ್ಲ, ಹುಟ್ಟಿದ ದಿನದಿಂದಲೇ ತನ್ನ ಪಾಡು ತನ್ನದು. ಅದಕ್ಕೆ ಮಿಕ್ಕ ಶಕ್ತಿ ಕಡಿಮೆ. ಆದರೆ ಬೆಚ್ಚನೆ ಮೈಯ, ಚುರುಕಾದ, ಚೆನ್ನಾಗಿ ತಿಂದುಂಡ ಶಾರ್ಕ್‌ಗಳಲ್ಲೇ ಆಟದಂಥದ್ದು ಕಾಣಿಸುತ್ತಿದೆ ಅಂದರೆ ಲೆಕ್ಕ ಕೂಡಿಬರುತ್ತದೆ. ಇದು ನನ್ನ ಊಹೆ ಅಷ್ಟೇ.

ಗುಳ್ಳೆಯ ಆಟ ನೋಡಬೇಕು ಅಂದರೆ ಶಾರ್ಕ್‌ನ ದಾಯಾದಿ ಮ್ಯಾಂಟಾ ರೇ ಬಳಿ ಹೋಗಿ. ನಮ್ಮ ಕರಾವಳಿಯಲ್ಲಿ ತೊರಕೆ ಅಂತ ಕರೆಯುವ ಮೀನುಗಳ ದೊಡ್ಡ ಬಳಗದ್ದು ಅದು. ಮೀನುಗಳಲ್ಲೇ ಅತಿ ದೊಡ್ಡ ಮೆದುಳು ಅದರದ್ದು. ಮೆಕ್ಸಿಕೊದ ರೆವಿಯಾಹಿಹೆಡೊ ದ್ವೀಪಗಳ ಬಳಿ ಮ್ಯಾಂಟಾಗಳು ಡೈವರ್‌ಗಳ ಮೇಲೆ ಬಂದು ನಿಂತು ಗುಳ್ಳೆಗಳನ್ನು ಹೊಟ್ಟೆಗೆ ತಾಗಿಸಿಕೊಳ್ಳುತ್ತವೆ. ಗುಳ್ಳೆ ನಿಂತರೆ ತಿರುಗಿ ಇನ್ನೊಬ್ಬ ಡೈವರ್ ಮೇಲೆ ಹೋಗುತ್ತವೆ. ಅಲ್ಲಿ ಯಾರೂ ಊಟ ಹಾಕುವುದಿಲ್ಲ. ಅಲ್ಲಿ ಆಟಿಕೆ ಡೈವರೇ!

ಪ್ರಶ್ನೆ: ಬಹಾಮಾಸ್‌ನಲ್ಲಿ ಒಬ್ಬ ಮಹಿಳೆಯ ತೊಡೆಯ ಮೇಲೆ ಶಾರ್ಕ್ ತಲೆ ಇಟ್ಟು ಮಲಗುವ ವಿಡಿಯೊ ನೋಡಿದೆ. ಅವರನ್ನು ಗುರುತು ಹಿಡಿದು ಬರುತ್ತದಂತೆ. ಮೀನಿಗೆ ಅಷ್ಟು ಬುದ್ಧಿ ಇದೆಯಾ? ಮುದ್ದು ಮಾಡಿದರೆ ಖುಷಿಯಾಗುತ್ತದಾ?
– ಕಾಲೇಜು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅವರು ಕ್ರಿಸ್ಟಿನಾ ಜೆನಾಟೊ. ಇಟಲಿ ಮೂಲದವರು. ಗ್ರ್ಯಾಂಡ್ ಬಹಾಮಾದಲ್ಲಿ ಕೆರಿಬಿಯನ್ ರೀಫ್ ಶಾರ್ಕ್‌ಗಳ ಜತೆ ದಶಕಗಳಿಂದ ಮುಳುಗುತ್ತಿದ್ದಾರೆ. ಅವುಗಳ ಬಾಯಲ್ಲಿ ಸಿಕ್ಕಿಕೊಂಡ ಗಾಳದ ಕೊಕ್ಕೆಗಳನ್ನು ನೂರಾರು ಸಂಖ್ಯೆಯಲ್ಲಿ ತೆಗೆದಿದ್ದಾರೆ. ಅವರು ಉಕ್ಕಿನ ಬಳೆಗಳನ್ನು ಹೆಣೆದು ಮಾಡಿದ ಕವಚ ತೊಟ್ಟಿರುತ್ತಾರೆ, ಮೀನೂ ಕೊಡುತ್ತಾರೆ. ವಿಡಿಯೊ ನೋಡುವಾಗ ಈ ಎರಡನ್ನೂ ಮರೆಯಬೇಡಿ.

ಬುದ್ಧಿಯ ಬಗ್ಗೆ ಅನುಮಾನ ಬೇಡ. 1950ರ ದಶಕದ ಕೊನೆಗೆ ಫ್ಲಾರಿಡಾದಲ್ಲಿ ವಿಜ್ಞಾನಿ ಯೂಜೀನಿ ಕ್ಲಾರ್ಕ್ ಲೆಮನ್ ಶಾರ್ಕ್‌ಗಳಿಗೆ ಒಂದು ಹಲಗೆಯನ್ನು ಮೂತಿಯಿಂದ ಒತ್ತಿದರೆ ಮೀನು ಸಿಗುತ್ತದೆ ಎಂದು ಕಲಿಸಿದರು. ಚಳಿಗಾಲದಲ್ಲಿ ಸುಮಾರು 10 ವಾರ ಪಾಠ ನಿಂತಿತ್ತು. ಮತ್ತೆ ಹಲಗೆ ಇಳಿಸಿದಾಗ ಅವು ಮರೆತಿರಲಿಲ್ಲ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಬಿದಿರು ಶಾರ್ಕ್‌ಗಳು ಕಲಿತ ಚಿತ್ರಗಳನ್ನು 50 ವಾರದವರೆಗೆ ನೆನಪಿಟ್ಟುಕೊಂಡವು. ಪರೀಕ್ಷೆ ಮುಗಿದ ವಾರಕ್ಕೇ ಎಲ್ಲ ಮರೆಯುವ ನಮಗಿಂತ ವಾಸಿ. ಆಸ್ಟ್ರೇಲಿಯಾದ ಮೆಕ್ವಾರಿ ವಿಶ್ವವಿದ್ಯಾಲಯದಲ್ಲಿ ಪೋರ್ಟ್ ಜ್ಯಾಕ್ಸನ್ ಶಾರ್ಕ್ ಮರಿಗಳು ಜ್ಯಾಝ್ ಸಂಗೀತ ಕೇಳಿದರೆ ಊಟದ ಜಾಗಕ್ಕೆ ಹೋಗುವುದನ್ನು ಕಲಿತವು. ಜ್ಯಾಝ್‌ಗೆ ಒಂದು ಮೂಲೆ, ಶಾಸ್ತ್ರೀಯಕ್ಕೆ ಇನ್ನೊಂದು ಮೂಲೆ ಅಂದಾಗ ಮಾತ್ರ ಗಲಿಬಿಲಿಯಾದವು. 2018ರಲ್ಲಿ ಈ ಪ್ರಯೋಗ ಪ್ರಕಟವಾಯಿತು.

ಒಬ್ಬ ಮನುಷ್ಯನನ್ನೇ ಗುರುತಿಸುವುದು ಬೇರೆ ಮಾತು. ಇದರ ಮೇಲೆ ಒಂದು ಒಳ್ಳೆಯ ಪ್ರಯೋಗ ಬಂದಿರುವುದು ಶಾರ್ಕ್‌ನ ಮೇಲಲ್ಲ, ಬ್ರೀಮ್ ಎಂಬ ಸಾಧಾರಣ ಮೀನಿನ ಮೇಲೆ. ಫ್ರಾನ್ಸಿನ ಕಾರ್ಸಿಕಾ ದ್ವೀಪದ ಕಡಲಲ್ಲಿ ಒಬ್ಬ ಡೈವರ್ ಮೀನುಗಳಿಗೆ ತಿಂಡಿ ಕೊಟ್ಟು ಹಿಂದೆ ಬರುವುದನ್ನು ಕಲಿಸಿದರು. ಆಮೇಲೆ ತಿಂಡಿ ಕೊಡದ ಇನ್ನೊಬ್ಬರ ಜತೆ ಇಳಿದರು. ಮೀನುಗಳು ಕೊಡುವವರ ಹಿಂದೆಯೇ ಹೋದವು. ಆದರೆ ಇಬ್ಬರೂ ಒಂದೇ ಥರದ ಉಡುಪು ತೊಟ್ಟಾಗ ಗುರುತು ಸಿಗಲಿಲ್ಲ. ಅವು ನೋಡಿದ್ದು ಮುಖವನ್ನಲ್ಲ, ಸೂಟು ಮತ್ತು ಕಾಲಿಗೆ ತೊಡುವ ಫಿನ್‌ನ ಬಣ್ಣವನ್ನು! 2025ರಲ್ಲಿ ಬಂದ ಫಲಿತಾಂಶ ಇದು. ಹಾಗಾಗಿ ಯಾರಾದರೂ ‘ನನ್ನ ಶಾರ್ಕ್‌ಗೆ ನಾನು ಗೊತ್ತು’ ಅಂದರೆ, ಬೇರೆ ಬಣ್ಣದ ಸೂಟು ಹಾಕಿಕೊಂಡು ಇಳಿಯಲು ಹೇಳಬೇಕು ಅನಿಸುತ್ತದೆ.

ಇನ್ನು ಮುದ್ದು. ಮೂತಿಯ ಆ ತೂತುಗಳ ಮೇಲೆ ಕೈಯಾಡಿಸಿದರೆ ಕೆಲವು ಶಾರ್ಕ್‌ಗಳು ಮೆಲ್ಲಗೆ ಸಡಿಲವಾಗುತ್ತವೆ. ಹಲವು ಜಾತಿಗಳನ್ನು ಅಂಗಾತ ಮಾಡಿದರೂ ಮರಗಟ್ಟಿದಂತೆ ನಿಂತುಬಿಡುತ್ತವೆ. ಈ ಅಂಗಾತದ ಸ್ಥಿತಿಯನ್ನು ಸುಖನಿದ್ದೆ ಅಂತ ತಿಳಿಯಬೇಡಿ. ಓರ್ಕಾ ತಿಮಿಂಗಿಲಗಳು ಶಾರ್ಕನ್ನು ಇದೇ ರೀತಿ ಮಗುಚಿ ಹಿಡಿದು ಕೊಲ್ಲುತ್ತವೆ. ಜೆನಾಟೊ ಅವರ ಶಾರ್ಕ್‌ಗಳ ಬಗ್ಗೆ ನನಗೆ ಮೆಚ್ಚುಗೆಯಾಗುವುದು ಒಂದೇ ಕಾರಣಕ್ಕೆ: ಅವು ತಾವಾಗಿ ಬರುತ್ತವೆ, ಬೇಡವಾದಾಗ ಎದ್ದು ಹೋಗುತ್ತವೆ. ಹಿಡಿದು ಮಗುಚಿ ಫೋಟೊ ತೆಗೆಸಿಕೊಳ್ಳುವವರಿಗೂ ಇದಕ್ಕೂ ಅಜಗಜಾಂತರ.

ಪ್ರಶ್ನೆ: ಮಗಳ ಜತೆ ದುಬೈ ಅಕ್ವೇರಿಯಂ ನೋಡಿದೆವು. ಶಾರ್ಕ್‌ಗಳು ಸುತ್ತುತ್ತಲೇ ಇದ್ದವು. ‘ಅಮ್ಮಾ, ಅದಕ್ಕೆ ಬೋರ್ ಆಗಲ್ವಾ?’ ಅಂತ ಕೇಳಿದಳು. ಏನು ಹೇಳಲಿ?
– ಶಾರ್ಜಾದಿಂದ ಕನ್ನಡತಿ

ಉತ್ತರ: ಮಗಳು ಸರಿಯಾಗೇ ಕೇಳಿದ್ದಾಳೆ. ಸುತ್ತುವುದೆಲ್ಲ ಬೇಸರ ಅಲ್ಲ ಅಂತ ಮೊದಲು ಹೇಳಿ. ಹಲವು ಶಾರ್ಕ್‌ಗಳು ಈಜುತ್ತಲೇ ಉಸಿರಾಡುತ್ತವೆ. ಬಾಯಿಂದ ಹೊಕ್ಕ ನೀರು ಕಿವಿರಿನ ಮೂಲಕ ಹೊರಗೆ ಹೋಗುತ್ತಿರಬೇಕು. ಆದರೆ ಒಂದೇ ದಾರಿಯಲ್ಲಿ, ಒಂದೇ ಎಂಟರ ಆಕಾರದಲ್ಲಿ, ಗಂಟೆಗಟ್ಟಲೆ ಸುತ್ತಿದರೆ, ಮೂತಿ ಗೋಡೆಗೆ ಉಜ್ಜಿ ಕೆಂಪಾಗಿದ್ದರೆ ಅದು ಒಳ್ಳೆಯ ಲಕ್ಷಣ ಅಲ್ಲ. ಮುಂದಿನ ಸಲ ಹೋದಾಗ ಒಂದೇ ಶಾರ್ಕನ್ನು ಹತ್ತು ನಿಮಿಷ ನೋಡಲಿ. ದಾರಿ ಬದಲಿಸುತ್ತದಾ, ಮೇಲೆ ಕೆಳಗೆ ಹೋಗುತ್ತದಾ, ಬರೆದುಕೊಳ್ಳಲಿ.

ಬೋರ್ ಆಗದಂತೆ ಮಾಡುವುದಕ್ಕೆ ಮೃಗಾಲಯದವರು ಎನ್ರಿಚ್‌ಮೆಂಟ್ ಅಂತಾರೆ. ಆನೆಗೆ, ಚಿಂಪಾಂಜಿಗೆ ಮಾಡುವುದು ಎಲ್ಲರಿಗೂ ಗೊತ್ತು, ಶಾರ್ಕ್‌ಗೂ ಮಾಡುತ್ತಾರೆ. ಒಂದೊಂದು ಶಾರ್ಕ್‌ಗೆ ಒಂದೊಂದು ಆಕಾರದ, ಬಣ್ಣದ ಹಲಗೆ ಇಳಿಸುತ್ತಾರೆ. ಅದು ತನ್ನ ಹಲಗೆಯನ್ನು ಗುರುತಿಸಿ ಮೂತಿ ತಾಗಿಸಬೇಕು, ಆಮೇಲೆ ಮೀನು. ಯೂಜೀನಿ ಕ್ಲಾರ್ಕ್ ಪಾಠವೇ ಇದು. ತೂತು ಕೊರೆದ ಪೈಪಿನಲ್ಲಿ ತಿಂಡಿ ಅಡಗಿಸಿಟ್ಟು ಹುಡುಕಲು ಬಿಡುವುದು, ನೀರಿನ ಹರಿವು ಬದಲಿಸುವುದು, ಹೊಸ ವಾಸನೆ ಬಿಡುವುದು, ಗುಳ್ಳೆಯ ಪರದೆ ಎಬ್ಬಿಸುವುದು ಇವೂ ಉಂಟು. ಮಂಗನಿಗೆ ಕೊಟ್ಟ ಆಟಿಕೆಯನ್ನು ಶಾರ್ಕ್‌ಗೂ ಕೊಟ್ಟರೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕೆ ಕೈ ಇಲ್ಲ. ಅದರ ಲೋಕ ಇರುವುದು ವಾಸನೆ, ಅಲೆಯ ಕಂಪನ, ವಿದ್ಯುತ್ತಿನಲ್ಲಿ.

ಇದರಲ್ಲಿ ನನಗೆ ಅಚ್ಚುಮೆಚ್ಚು ಜೀಬ್ರಾ ಶಾರ್ಕ್. ನಿಧಾನಿ, ತಳದಲ್ಲಿ ಮಲಗುವ ಸ್ವಭಾವದ್ದು. ಕೆಲವು ಅಕ್ವೇರಿಯಂಗಳಲ್ಲಿ ಇದು ತಾನಾಗಿ ಸ್ಟ್ರೆಚರ್ ಒಳಗೆ ಈಜಿ ಬಂದು, ಬೆನ್ನು ಸವರಿಸಿಕೊಳ್ಳುತ್ತಾ ರಕ್ತ ತೆಗೆಯಲು ಬಿಡುತ್ತದೆ. ಮೊದಲೆಲ್ಲ ಇದಕ್ಕೆ ಬಲೆ ಹಾಕಿ, ನಾಲ್ಕು ಜನ ಒದ್ದಾಡಿ, ಮತ್ತು ಬರುವ ಔಷಧಿ ಕೊಡಬೇಕಿತ್ತು. ಸೂಜಿ ಚುಚ್ಚಿಸಿಕೊಳ್ಳಲು ನಿಮ್ಮ ಮಗಳು ಇಷ್ಟು ಒಳ್ಳೆಯ ಹುಡುಗಿಯಾ ಅಂತ ಕೇಳಿ ನೋಡಿ.

ಎಲ್ಲ ಶಾರ್ಕ್‌ಗೂ ಇಂಥ ಉಪಾಯ ಸಾಲದು ಎಂಬುದೂ ಅವಳಿಗೆ ಗೊತ್ತಿರಲಿ. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ 2004ರಲ್ಲಿ ಒಂದು ಎಳೆಯ ಬಿಳಿ ಶಾರ್ಕನ್ನು ತಂದು, 198 ದಿನ ಇಟ್ಟುಕೊಂಡು ಕಡಲಿಗೆ ಬಿಟ್ಟಿತು. ಆಗ ಅದೇ ದೊಡ್ಡ ದಾಖಲೆ. ಸಾವಿರಾರು ಕಿಲೋಮೀಟರ್ ಅಲೆಯುವ ಪ್ರಾಣಿಗೆ ಗಾಜಿನ ಕೋಣೆಯಲ್ಲಿ ಯಾವ ಆಟಿಕೆ ಇಟ್ಟರೂ ಅಷ್ಟೇ.

ಪ್ರಶ್ನೆ: ನಮ್ಮ ದೋಣಿ ಪಕ್ಕ ಒಮ್ಮೊಮ್ಮೆ ಚುಕ್ಕೆ ಚುಕ್ಕೆಯ ದೊಡ್ಡ ತಿಮಿಂಗಿಲ ಶಾರ್ಕ್ ಬಂದು ನಿಲ್ಲುತ್ತದೆ. ಬಲೆಗೆ ಬಾಯಿ ಹಾಕಿ ಆಡುತ್ತದೆ. ಹುಡುಗರು ಹಾರಿ ಬೆನ್ನು ಹಿಡಿದು ತೇಲುತ್ತಾರೆ. ಅಪಾಯವಾ?
– ಹೊನ್ನಾವರದ ಮೀನುಗಾರರು

ಉತ್ತರ: ಬಲೆಗೆ ಬಾಯಿ ಹಾಕುವುದು ಆಟ ಅಲ್ಲಣ್ಣ, ಅದು ಊಟ. ಬಲೆಯಿಂದ ಸೋರುವ ಸಣ್ಣ ಮೀನನ್ನು ಹೀರುತ್ತಿದೆ. ಇಂಡೊನೇಷ್ಯಾದ ಚೆಂಡೆರವಾಸಿ ಕೊಲ್ಲಿಯಲ್ಲಿ ಮೀನುಗಾರರ ತೇಲುವ ಕಟ್ಟೆಗಳ ಕೆಳಗೆ ಇವು ದಿನಾ ನೆಟ್ಟಗೆ ನಿಂತು ಹೀಗೆಯೇ ಹೀರುತ್ತವೆ. ಹುಡುಗರನ್ನು ಅದು ತಿನ್ನುವುದಿಲ್ಲ, ಆದರೆ ಬಾಲದ ಒಂದು ಏಟು ಬಿದ್ದರೆ ಪಕ್ಕೆಲುಬು ಮುರಿದೀತು. ಹಿಡಿದುಕೊಂಡರೆ ಅದು ಊಟ ಬಿಟ್ಟು ಆಳಕ್ಕೆ ಇಳಿಯುತ್ತದೆ. 2001ರಿಂದ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಷ್ಟೇ ರಕ್ಷಣೆ ಇದಕ್ಕೂ ಇದೆ. ಬಲೆಗೆ ಸಿಕ್ಕರೆ ಗುಜರಾತಿನ ಮೀನುಗಾರರು ಬಲೆ ಕತ್ತರಿಸಿ ಬಿಡುತ್ತಾರೆ.

ಪ್ರಶ್ನೆ: ಲಕ್ಷದ್ವೀಪದಲ್ಲಿ ಗ್ರೇ ರೀಫ್ ಶಾರ್ಕ್ ಒಂದು ನನ್ನ ಗೆಳೆಯನ ಮುಂದೆ ಬೆನ್ನು ಬಗ್ಗಿಸಿ, ರೆಕ್ಕೆ ಕೆಳಗಿಳಿಸಿ, ಮೈ ಬಳುಕಿಸಿ ಕುಣಿಯಿತು. ವಿಡಿಯೊ ಕಳಿಸಿದ್ದೇನೆ. ಇದಾದರೂ ಆಟವಾ?
– ಮಂಗಳೂರಿನ ಓದುಗರು

ಉತ್ತರ: ವಿಡಿಯೊ ನೋಡಿ ನನ್ನ ಎದೆ ಧಸಕ್ ಅಂದಿತು. ಅದು ಕುಣಿತ ಅಲ್ಲ, ಕೊನೆಯ ಎಚ್ಚರಿಕೆ. 1973ರಲ್ಲಿ ಜಾನ್ಸನ್ ಮತ್ತು ನೆಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಪೆಸಿಫಿಕ್‌ನ ಎನಿವೆಟಾಕ್ ದ್ವೀಪದ ಬಳಿ ಮಾಡಿದ ಅಧ್ಯಯನ ಪ್ರಕಟಿಸಿದರು. ಡೈವರ್ ವೇಗವಾಗಿ ತನ್ನ ಮೇಲೆ ನುಗ್ಗಿದರೆ, ಅದರಲ್ಲೂ ಹವಳದ ಗೋಡೆಗೆ ಒತ್ತಿ ದಾರಿ ಕಟ್ಟಿದರೆ ಗ್ರೇ ರೀಫ್ ಶಾರ್ಕ್ ಇದೇ ಭಂಗಿ ತೋರಿಸುತ್ತದೆ. ಮೂತಿ ಮೇಲೆ, ಬೆನ್ನು ಗೂನು, ಎದೆಯ ರೆಕ್ಕೆ ನೇರ ಕೆಳಗೆ, ಇಡೀ ಮೈ ಅತಿಯಾಗಿ ಬಳುಕು. ನೆಲ್ಸನ್ ಆಮೇಲೆ ಒಬ್ಬರೇ ಕೂರುವ ಪುಟ್ಟ ಜಲಾಂತರ್ಗಾಮಿಯಲ್ಲಿ ಕುಳಿತು ಇವನ್ನು ಅಟ್ಟಿಸಿ ನೋಡಿದರು. ಶಾರ್ಕ್‌ಗಳು ಮೊದಲು ಈ ಭಂಗಿ ತೋರಿಸಿದವು, ಆಮೇಲೆ ಮಿಂಚಿನಂತೆ ಬಂದು ಯಂತ್ರಕ್ಕೇ ಕಚ್ಚಿದವು.

ನಾಯಿ ಗುರ್ ಅಂದರೆ ನಮಗೆ ಅರ್ಥವಾಗುತ್ತದೆ. ಶಾರ್ಕ್‌ಗೆ ದನಿ ಇಲ್ಲ, ಅದಕ್ಕೇ ಮೈಯಲ್ಲಿ ಗುರುಗುಟ್ಟುತ್ತದೆ. ಇಂಥ ಹೊತ್ತಿನಲ್ಲಿ ಅದರ ಮೇಲೆ ಕಣ್ಣಿಟ್ಟು, ಕೈ ಮೈಗೆ ಒತ್ತಿಕೊಂಡು, ಫಿನ್ ಜೋರಾಗಿ ಬಡಿಯದೆ ಹಿಂದೆ ಸರಿಯಬೇಕು. ಅದಕ್ಕೆ ಹೊರಗೆ ಹೋಗಲು ನೀರು ಬಿಡಬೇಕು. ಫ್ಲ್ಯಾಶ್ ಬೇಡ. ಕಡ್ಡಿಗೆ ಕಟ್ಟಿದ ಕ್ಯಾಮೆರಾವನ್ನು ಮೂತಿಯ ಹತ್ತಿರ ಚಾಚುವುದಂತೂ ಬೇಡವೇ ಬೇಡ.

ನಿಮ್ಮ ಗೆಳೆಯ ಮಾಡಿದ್ದು ಅದನ್ನೇ. ವಿಡಿಯೊವನ್ನು ಇನ್ನೊಮ್ಮೆ ನಿಧಾನವಾಗಿ ಓಡಿಸಿ. ಶಾರ್ಕ್‌ನ ಹಿಂದೆ ಹವಳದ ಗೋಡೆ ಇದೆ, ಮುಂದೆ ಅವರು ಇದ್ದಾರೆ. ಕ್ಯಾಮೆರಾ ಚಾಚಿದಷ್ಟೂ ಬೆನ್ನು ಬಾಗುತ್ತಾ ಹೋಗುತ್ತದೆ. ಕೊನೆಗೆ ಮಾಸ್ಕಿಗೆ ನೀರು ಹೊಕ್ಕಿತೋ ಏನೋ, ಅವರು ಕೈ ಹಿಂದಕ್ಕೆ ಎಳೆದು ಪಕ್ಕಕ್ಕೆ ಸರಿದರು. ಅದೇ ಕ್ಷಣಕ್ಕೆ ಬೆನ್ನು ನೇರವಾಯಿತು, ರೆಕ್ಕೆ ಮೇಲೆ ಬಂತು, ಶಾರ್ಕ್ ಅವರ ಎಡಗಡೆಯಿಂದ ಹೊರಟುಹೋಯಿತು.